ಹಲಗೆಯ ಮೇಲಿನ ಹೆಸರು

ಊಟಕ್ಕೇನಿದೆ ಎಂದು ಬೆಳಿಗ್ಗೆಯೇ ಕೇಳಬೇಡಿ.
ಲೆಮುಯ್ ದ್ವೀಪದ ದೋಣಿ ಮೊದಲು ಬರಲಿ,
ಕಡಲು ಹಿಂದೆ ಸರಿದು
ಈ ಮನೆ ನಿಂತ ಮರದ ಕಾಲುಗಳು ಮೊಣಕಾಲಿನವರೆಗೆ ಕಾಣಲಿ,
ಚಿಪ್ಪು ಹೆಕ್ಕುವ ಹುಡುಗರು ಕೆಸರು ಬಿಟ್ಟು ಮೇಲೆ ಹತ್ತಲಿ,
ಆಮೇಲೆ ಹೇಳುತ್ತೇನೆ.

ಹೇಳುವುದೇನು, ಬರೆಯುತ್ತೇನೆ.
ಕರಿಹಲಗೆ, ಸೀಮೆಸುಣ್ಣ, ನನ್ನ ವಕ್ರ ಅಕ್ಷರ:
ಹೊಗೆ ಕುಡಿದ ಚಿಪ್ಪುಮೀನು, ನೂಲಿಗೆ ಪೋಣಿಸಿದವಳು ಇರ್ಮಾ ವೆಂತೆಯೊ.
ಬೆಳ್ಳುಳ್ಳಿ, ಎಸಳೊಂದು ಹೆಬ್ಬೆರಳಿನಷ್ಟು, ಬಾರಿಯಾ ಅಣ್ಣತಮ್ಮಂದಿರದು
(ಇಬ್ಬರೂ ತಾವೇ ಬೆಳೆದದ್ದು ಅನ್ನುತ್ತಾರೆ).
ಮಾಟಗಾತಿ ಎಂಬ ಹೆಸರಿನ ಕರಿ ಆಲೂಗಡ್ಡೆ,
ಕೊಯ್ದರೆ ಒಳಗೂ ನೇರಳೆ,
ದೊಮಿತಿಲಾ ಕೊಲಿವೊರೊ, ಪುಕೆಲ್ದೋನ್ ಆಚೆಯ ಗುಡ್ಡ.

ಸಾಂತಿಯಾಗೊದಿಂದ ಬಂದವರು
ತಿನ್ನುವ ಮೊದಲು ಹಲಗೆಯ ಫೋಟೊ ತೆಗೆಯುತ್ತಾರೆ.
ಸಾಲ್ಮನ್ ಇಲ್ಲವಾ? ಚಿಲೋಯೆ ಅಂದರೆ ಸಾಲ್ಮನ್ ಅಲ್ಲವಾ?
ಕಿಟಕಿಯಾಚೆ ಕೈ ತೋರಿಸುತ್ತೇನೆ,
ನೀರಿನ ಮೇಲೆ ಪಂಜರಗಳ ಕಪ್ಪು ಬಳೆ:
ಅಲ್ಲಿದೆ. ಇಲ್ಲಿಲ್ಲ.
ಹಾಗನ್ನುವಾಗ ನನ್ನ ಕತ್ತು ಒಂದು ಬೆರಳು ಎತ್ತರವಾಗುತ್ತದೆ.

ಏಪ್ರಿಲ್‌ನ ಒಂದು ಬುಧವಾರ ದೊಮಿತಿಲಾ ಬಂದಳು,
ಹಿಂಬಾಗಿಲಿಂದಲ್ಲ, ಮುಂಬಾಗಿಲಿಂದ,
ಬೆನ್ನ ಮೇಲೆ ಚೀಲವಿಲ್ಲ, ಇಗರ್ಜಿಗೆ ಹಾಕುವ ಕೋಟು.
ಕೂತಳು. ಹಲಗೆಯನ್ನು ದೂರದಿಂದಲೇ
ಬೆರಳಲ್ಲಿ ಗಾಳಿಗೆ ಗೀರುತ್ತ ಓದಿದಳು.
ಬೂದಿಯಲ್ಲಿ ಸುಟ್ಟ ಗಡ್ಡೆ, ಒಂದು ಚೂರು ಬೆಣ್ಣೆ ಇಟ್ಟೆ.
ಸಿಪ್ಪೆ ಸಮೇತ ಕಚ್ಚಿ, ನಿಧಾನ ಅಗಿದು, ಅಂದಳು:

"ಇದು ನನ್ನದಲ್ಲ."

ನಿನ್ನ ಚೀಲದ್ದೇ, ಅಂದೆ.

"ಚೀಲ ನನ್ನದೇ. ಗಡ್ಡೆ ಎದುವಿಹೆಸಳದು."

ಎದುವಿಹೆಸ್ ಅಂದರೆ ಅವಳ ನಾದಿನಿ.
ಬೇಲಿ ದಾಟಿದ ಒಂದು ಹಂದಿಯ ಕಾರಣಕ್ಕೆ
ಹನ್ನೊಂದು ವರ್ಷ ಮಾತಿಲ್ಲ.
ಜನವರಿಯಲ್ಲಿ ದೊಮಿತಿಲಾಳ ಗಿಡಕ್ಕೆ ರೋಗ ಬಿತ್ತು,
ಸಂಜೆ ಹಸಿರಿದ್ದ ಎಲೆ ಬೆಳಿಗ್ಗೆ ಮಸಿ.
ಕೊಯ್ಲಿನ ವೇಳೆ ಒಂದು ರಾತ್ರಿ ಯಾರೋ
ಬೇಲಿಯ ಈಚೆಗೆ ನಾಲ್ಕು ಮೂಟೆ ಇಳಿಸಿ ಹೋಗಿದ್ದರು.
"ನಾನೂ ಮಾತಾಡಿಸಲಿಲ್ಲ.
ಮೂಟೆ ಬರಿದು ಮಾಡಿ, ಒಂದರಲ್ಲಿ ಗಿಣ್ಣು ಕಟ್ಟಿ
ಬೇಲಿಗೇ ನೇತುಹಾಕಿದೆ. ಅಷ್ಟೇ.
ಅವಳು ಹೊಲಕ್ಕೆ ಕಡಲಪಾಚಿ ಜಾಸ್ತಿ ಹಾಕುತ್ತಾಳೆ,
ನೋಡು, ನಾಲಿಗೆಯ ತುದಿಯಲ್ಲಿ ಉಪ್ಪು ನಿಲ್ಲುತ್ತೆ.
ಒರೆಸು, ನನ್ನ ಹೆಸರು."

ಒದ್ದೆ ಬಟ್ಟೆ ತಂದೆ. ಒರೆಸಿದೆ.
ಎದುವಿಹೆಸ್ ಹೇಗೆ ಬರೆಯುವುದು, ಕೇಳಿದೆ.
"ನನಗೇನು ಗೊತ್ತು? ಕರೆದೇ ಹನ್ನೊಂದು ವರ್ಷವಾಯಿತು,"
ಅಂದಳು, ಆಮೇಲೆ ಒಂದೊಂದೇ ಅಕ್ಷರ
ಉರಿಯುವ ಕೆಂಡ ಎತ್ತಿಕೊಡುವಂತೆ ಕೊಟ್ಟಳು.

ಏಳುವಾಗ ಬೆಲೆ ನೋಡಿದಳು.
ಒಂದು ತಟ್ಟೆಗಾ ಇಷ್ಟು?
ನೀನು ನನಗೆ ಅರ್ಧ ಮೂಟೆಗೆ ಕೊಡುವಷ್ಟು.
ನಕ್ಕಳು. ನಾನು ನಗಲು ಸ್ವಲ್ಪ ತಡವಾಯಿತು.
ದುಡ್ಡು ಬೇಡವೆಂದರೂ ಮೇಜಿನ ಮೇಲಿಟ್ಟು,
ಚಿಲ್ಲರೆ ಎಣಿಸಿ ತೆಗೆದುಕೊಂಡು ಹೋದಳು.

ಮುಂದಿನ ವಾರದಿಂದ ಮೂಟೆಗೆ ಕೊಡುವ ಬೆಲೆ ಏರಿಸಿದೆ,
ದುಪ್ಪಟ್ಟಲ್ಲ, ಅಷ್ಟು ಧೈರ್ಯ ನನಗಿಲ್ಲ.

ಆ ರಾತ್ರಿ ಬಾಗಿಲು ಹಾಕಿ
ಸುಣ್ಣದ ತುಂಡು ಹಿಡಿದು ತುಂಬ ಹೊತ್ತು ನಿಂತೆ.
ಒಲೆ ಇನ್ನೂ ಬೆಚ್ಚಗಿತ್ತು.
ಎರಕದ ಕಬ್ಬಿಣದ ಈ ದೊಡ್ಡ ಒಲೆ,
ಎದುರಿನ ಪಂಜರಗಳ ಬಲೆ ತೊಳೆಯಲು
ನೀರಿಗಿಳಿಯುವ ನನ್ನ ಗಂಡನ ಎರಡು ಚಳಿಗಾಲದ ಸಂಬಳ.
ಗಿರಾಕಿಯಿಲ್ಲದ ಜೂನ್‌ನಲ್ಲಿ ದೀಪ ಉರಿಸುವುದೂ ಅದೇ.
ಯಾರೂ ಕೇಳಿಲ್ಲ. ನಾನೂ ಹೇಳಿಲ್ಲ.

ಹಲಗೆಯ ಕೊನೆಗೆ, ಸಿಹಿತಿಂಡಿಯ ಕೆಳಗೆ,
ಚಿಕ್ಕದಾಗಿ ಬರೆದೆ:
ಒಲೆ, ಎಲಾದಿಯೊ, ಸಾಲ್ಮನ್ ಪಂಜರದಿಂದ.

ಶುಕ್ರವಾರ ಕನ್ನಡಕದವನೊಬ್ಬ
ಅದನ್ನೇ ಒಂದು ಪ್ಲೇಟ್ ಕೊಡಿ ಅಂದ.