ಹಾರ್ನಿನ ರಿಲೇ

ಸುಮನಹಳ್ಳಿ ಸಿಗ್ನಲ್ಲಿನಲ್ಲಿ ಮೂರನೇ ಸಲ
ಮುಳ್ಳು ಕೆಂಪಿಗೆ ತಾಗಿದಾಗ
ಸ್ಟೀರಿಂಗ್ ಹಿಡಿದಿದ್ದ ಪುಟ್ಟಲಿಂಗಮ್ಮನವರು
‘ನಾನೇನೂ ಮಾಡಿಲ್ಲ ಕಣ್ರೀ’ ಅಂದರು.
ನಿಜ. ಓಡುವಾಗ ಗಾಳಿ ತಾನೇ ಬರುತ್ತದೆ,
ನಿಂತಾಗಲೇ ಫ್ಯಾನು ಬೇಕಾಗುವುದು.
ನಮ್ಮದು ಡ್ರೈವಿಂಗ್ ಸ್ಕೂಲು, ಊರು ಬೆಂಗಳೂರು;
ನಿಲ್ಲುವುದೇ ಜಾಸ್ತಿ.

ಗ್ಯಾರೇಜಿನ ಸೆಲ್ವರಾಜ್ ಬಾನೆಟ್ ಎತ್ತದೆಯೇ ಹೇಳಿದ:
‘ಮೋಟರ್ ಹೋಗಿದೆ ಮೇಡಂ. ನಾಲ್ಕೂವರೆ ಸಾವಿರ.’
ನಾಲ್ಕೂವರೆ ಸಾವಿರ ಅಂದರೆ
ಒಬ್ಬರಿಗೆ ಕ್ಲಚ್ಚು ಬಿಡುವುದನ್ನು
ಇಪ್ಪತ್ತು ಬೆಳಗು ಹೇಳಿಕೊಡಬೇಕು.
ಹೇಳಿದ್ದನ್ನೇ ಹೇಳಬೇಕು, ಬೈಯದೆ.

ಭಾನುವಾರ, ನೀರಿನ ಟ್ಯಾಂಕರ್ ಬಂದು ಹೋದ ಮೇಲೆ
ಬಳೆ ತೆಗೆದು ಕಿಟಕಿಯಲ್ಲಿಟ್ಟೆ, ದುಪಟ್ಟಾ ಗೇಟಿಗೆ ಕಟ್ಟಿದೆ,
ಎದುರುಮನೆಯ ಫರ್ಹಾನಾಳನ್ನು ಕೂಗಿದೆ.
ಏಳನೇ ಕ್ಲಾಸು. ಮುಳ್ಳು ನೋಡುವ ಕೆಲಸ ಅವಳದು.

ಮೊದಲು ಫ್ಯೂಸು. ಕಿತ್ತು ಬಿಸಿಲಿಗೆ ಹಿಡಿದೆ:
ಒಳಗೆ ಇರುವೆಗಾಗುವಷ್ಟು ಒಂದು ಉಯ್ಯಾಲೆ,
ಹಗ್ಗ ಕಡಿದಿಲ್ಲ.

ಆಮೇಲೆ ಫ್ಯಾನಿನ ಪ್ಲಗ್ಗು ಕಳಚಿ
ಎರಡು ವೈರು ಸಿಕ್ಕಿಸಿದೆ. ಕೆಂಪು ಪ್ಲಸ್ಸಿಗೆ,
ಕಪ್ಪು ಮೈನಸ್ಸಿಗೆ, ಬೆರಳು ದೂರಕ್ಕೆ.
ಬ್ಯಾಟರಿಗೆ ಮುಟ್ಟಿಸಿದ್ದೇ ಚಟ್ ಎಂದು ಒಂದು ಕಿಡಿ,
ರೆಕ್ಕೆಗಳೆಲ್ಲ ಸೇರಿ ಒಂದು ತಟ್ಟೆಯಾದವು,
ತಟ್ಟೆಯಿಂದ ನನ್ನ ಮೇಲೆ ಬಡಿಸಿದ್ದು:
ಮಾಗಡಿ ರೋಡಿನ ಧೂಳು, ಹೊಂಗೆಯ ಒಣಹೂ,
ಹೋದ ಆಯುಧಪೂಜೆಯ ಬೂದುಗುಂಬಳದ್ದೊಂದು ಬೀಜ,
ಇನ್ನೂ ಕುಂಕುಮ ಹತ್ತಿಕೊಂಡು,
ನೇರ ಹಣೆಗೆ.

‘ಆಂಟಿ, ಬದುಕಿದೆ!’ ಅಂದಳು ಫರ್ಹಾನಾ.
ಸತ್ತೇ ಇರಲಿಲ್ಲ ಕಣೇ. ಏಳು ಅನ್ನುವವರಿರಲಿಲ್ಲ.

ಅನ್ನಬೇಕಾದದ್ದು ಒಂದು ಕಪ್ಪು ಡಬ್ಬಿ,
ಬೆಂಕಿಪೊಟ್ಟಣಕ್ಕಿಂತ ಸಣ್ಣದು. ರಿಲೇ.
ಕಿತ್ತು, ತೆಂಗಿನಕಾಯಿ ನೋಡುವ ಹಾಗೆ
ಕಿವಿಯ ಹತ್ತಿರ ಅಲ್ಲಾಡಿಸಿದೆ.
ಒಳಗೆ ಏನೋ ಕಳಚಿಕೊಂಡು ಉರುಳಿತು.
ಪಕ್ಕದಲ್ಲೇ ಇತ್ತು ಅದರ ಅವಳಿ,
ಅದೇ ನಂಬರು, ಅದೇ ನಾಲ್ಕು ಕಾಲು.
ಅದು ಹಾರ್ನಿನದು.

ಭಾನುವಾರ ಜೆ.ಸಿ. ರೋಡಿನಲ್ಲಿ ಶಟರ್ ಎಳೆದಿರುತ್ತಾರೆ,
ನಾಲ್ಕು ಗಂಟೆಗೆ ಪುಟ್ಟಲಿಂಗಮ್ಮನವರ ಕ್ಲಾಸು.
ಹಾರ್ನಿನದನ್ನು ಕಿತ್ತು ಫ್ಯಾನಿಗೆ ಕೊಟ್ಟೆ.
ಫ್ಯಾನಿನ ಪ್ಲಗ್ಗು ಮತ್ತೆ ಸೇರಿಸಿ, ಇಂಜಿನ್ ಓಡಲು ಬಿಟ್ಟು ಕಾದೆವು.
ಮುಳ್ಳು ಅರ್ಧ ಮುಟ್ಟಿತು. ದಾಟಿತು.
ಫರ್ಹಾನಾ ಉಗುರು ಕಚ್ಚುತ್ತಿದ್ದಳು.
ಟಿಕ್.
ಗಾಳಿ.

ಪುಟ್ಟಲಿಂಗಮ್ಮನವರಿಗೆ ಐವತ್ತಾರು;
ಬ್ರೇಕಿಗಿಂತ ಮೊದಲು ಹಾರ್ನು ಕಲಿತವರು.
ಮೋರಿ ಕಂಡರೆ ಒತ್ತುವರು, ಹಸು ಕಂಡರೆ ಒತ್ತುವರು,
ಯಾರೂ ಕಾಣದಿದ್ದರೆ ಧೈರ್ಯಕ್ಕೆ ಒತ್ತುವರು.
ಅವತ್ತೂ ಒತ್ತಿದರು. ಏನೂ ಇಲ್ಲ.
ನನ್ನ ಮುಖ ನೋಡಿದರು.
‘ಅದು ಬೇರೆ ಕೆಲಸಕ್ಕೆ ಹೋಗಿದೆ ಇವತ್ತು’ ಅಂದೆ.

ಒಳರಸ್ತೆಗಳಲ್ಲೇ ಹೋದೆವು.
ಸೊಪ್ಪಿನ ತಳ್ಳುಗಾಡಿಯ ಹಿಂದೆ ತಳ್ಳುಗಾಡಿಯಾದೆವು,
ಹುಡುಗರು ಓವರ್ ಮುಗಿಸುವ ತನಕ
ಔಟೋ ನಾಟೌಟೋ ಜಗಳ ಸಮೇತ ನೋಡಿದೆವು.
ಕಿಟಕಿ ಇಳಿಸಿ ಅವರು ಒಬ್ಬ ಸೈಕಲ್ಲಿನವನಿಗೆ
‘ಸ್ವಲ್ಪ ಆ ಕಡೆ ಹೋಗ್ತೀರಾ ಸ್ವಾಮಿ’ ಅಂದರು.
ಹೋದ. ನಗುತ್ತಾ ಬೇರೆ.
ಬಾನೆಟ್ಟಿನಡಿ ಫ್ಯಾನು ಆಗಾಗ ಎದ್ದು
ತನ್ನ ಕೆಲಸ ಮುಗಿಸಿ ಮಲಗುತ್ತಿತ್ತು.
ಹದಿನಾಲ್ಕನೇ ಕ್ಲಾಸಿನಲ್ಲಿ ಮೊದಲ ಬಾರಿ
ನಾನು ಹೇಳದೆಯೇ ಸೆಕೆಂಡ್ ಗೇರ್ ಬಿತ್ತು;
ಇಬ್ಬರೂ ಆ ವಿಷಯ ಎತ್ತಲಿಲ್ಲ.

ಸೋಮವಾರ ಜೆ.ಸಿ. ರೋಡು. ಇನ್ನೂರ ಹತ್ತು ರೂಪಾಯಿ, ಬಿಲ್ಲಿಲ್ಲ.
ಹೊಸ ರಿಲೇ ಒತ್ತಿ ಕೂರಿಸಿದೆ.
ಸಂಜೆ ಅವರು ಮೋರಿಯ ಹತ್ತಿರ, ರೂಢಿಯಂತೆ, ಒತ್ತಿ,
ಬೆಚ್ಚಿ ಕೈ ತೆಗೆದು
ಹಿಂದೆ ತಿರುಗಿ ನೋಡಿದರು:
‘ಯಾರ್ರೀ ಅದು?’