ಬಾಕಿ

ಪೀಣ್ಯ ಎರಡನೇ ಹಂತ. ಬೆಳಗ್ಗೆ ಏಳಕ್ಕೆ
ಮೊದಲ ಕೆಲಸ ಬಿಬಿಜಾನಳ ಅಯಸ್ಕಾಂತಕ್ಕೆ.
ಗುಡ್ಡೆಯ ಮೇಲೆ ಅದನ್ನು ಆಡಿಸುತ್ತಾಳೆ,
ಮೊರದ ಅಕ್ಕಿಯಲ್ಲಿ ಬೆರಳಾಡಿಸಿದಂತೆ.
ಮೊಳೆ, ಸ್ಕ್ರೂ, ಬೀಗದ ಕಿವಿ
ಮದುವೆ ಮನೆಯ ನೆಂಟರ ಹಾಗೆ
ಅಂಟಿಕೊಂಡೇ ಬರುತ್ತವೆ.
"ಕಬ್ಬಿಣ ಅನ್ನದೊಳಗಿನ ಕಲ್ಲು," ಅನ್ನುತ್ತಾಳೆ,
"ಒಂದು ಉಳಿದರೂ ಹಲ್ಲು ಮುರೀತದೆ."

ನೋಡಿದರೆ ಎಲ್ಲ ಒಂದೇ ಬಿಳುಪು. ಅವಳಿಗಲ್ಲ.
ಕಿಟಕಿ ಚೌಕಟ್ಟು ಮೆದು, ಬಾಗುತ್ತದೆ: ಆ ಕಡೆ.
ಪಿಸ್ಟನ್ ಬಿರುಸು, ಬಡಿದರೆ ಒಡೆಯುತ್ತದೆ: ಈ ಕಡೆ.
ಕಾರ್ಬ್ಯುರೇಟರ್ ಕೈಗೆ ಒಂದು ತೂಕ ಹೆಚ್ಚು,
ಸತು, ಮೋಸಗಾರ: ಹೊರಗೆ.

ಜಾಲಿ ಮೊಹಲ್ಲಾದಿಂದ ಟೆಂಪೋದಲ್ಲಿ ಬರುತ್ತದೆ ಮಾಲು.
ಅಲ್ಲಿಗೆ ಎಲ್ಲಿಂದ ಬಂತೋ, ಟೆಂಪೋಗೂ ಗೊತ್ತಿಲ್ಲ.
ಸ್ಕೂಟರಿನ ಹೊಟ್ಟೆ, ಫ್ಯಾನಿನ ರೆಕ್ಕೆ,
ಹಿಡಿ ಕಳಚಿದ ಕುಕ್ಕರು, ಇಡ್ಲಿ ತಟ್ಟೆಗಳು,
ಗುಳಿಯಂಚಿನಲ್ಲಿ ಇನ್ನೂ ಒಣಗಿದ ಹಿಟ್ಟು.
ಕಳೆದ ಆಷಾಢದಲ್ಲಿ ಒಂದು ಡಬರಿ,
ತಳ ಕಪ್ಪು, ಕಂಠದ ಸುತ್ತ
ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ:
ಚೌಡಕ್ಕನ ಮೆಸ್, ಗೊರಗುಂಟೆಪಾಳ್ಯ.

ಕುಲುಮೆಯ ಮುನಿವೆಂಕಟಪ್ಪ ಅದನ್ನೆತ್ತಿ ನೋಡಿದ.
ಕೆಳಗಿಟ್ಟ. ಮತ್ತೆ ಎತ್ತಿದ.
"ನಲವತ್ತೊಂದು ರೂಪಾಯಿ," ಅಂದ.
ಏಳುನೂರಿಪ್ಪತ್ತು ಡಿಗ್ರಿಯ ಮುಂದೆ ನಿಂತವನನ್ನು
ಹಾಗಂದರೇನು ಎಂದು ಯಾರೂ ಕೇಳುವುದಿಲ್ಲ.

ಊಟದ ಹೊತ್ತಿಗೆ ಅವನೇ ಬಿಚ್ಚಿದ:
ಹಳೇ ಕಾರ್ಖಾನೆ ಬಾಗಿಲೆಳೆದ ವರ್ಷ
ಮೂರು ತಿಂಗಳು ಈ ಡಬರಿಯ ಸಾರು.
ಚೌಡಕ್ಕ ಗೋಡೆಗೆ ಇದ್ದಿಲಲ್ಲಿ ಗೀಟೆಳೆಯುತ್ತಿದ್ದಳು.
ಕೆಲಸ ಸಿಕ್ಕ ಮೇಲೆ ಗೀಟು ಅಳಿಸುತ್ತಾ ಬಂದ;
ಕೊನೆಯ ನಲವತ್ತೊಂದು ಹಿಡಿದು ಹೋದ ದಿನ
ಅಲ್ಲಿ ಗೋಡೆಯೇ ಇರಲಿಲ್ಲ.

ಒಂಬತ್ತು ದಿನ ಡಬರಿ ನೀರಿನ ಡ್ರಮ್ಮಿನ ಮೇಲೆ ಕೂತಿತ್ತು.
ಅದರಲ್ಲಿ ಅವನು ಕೈಗವಸು ಇಡುತ್ತಿದ್ದ.
ಯಾರೋ ಒಂದು ದಿನ ಬಾಳೆಹಣ್ಣು ಇಟ್ಟರು.

ಅದೇ ವಾರ ಗಿರಾಕಿ ಕಂಪನಿಯ ಹುಡುಗಿ ಬಂದಳು,
ಬಿಳಿ ಹೆಲ್ಮೆಟ್ಟು, ಕೈಯಲ್ಲಿ ಫಾರಂ.
ಅವರ ಬ್ಯಾಟರಿ ಸ್ಕೂಟರಿನ ಮೋಟಾರು ಮುಚ್ಚಳ
ನಾವೇ ಎರಕ ಹೊಯ್ಯುವುದು.
"ಮರುಬಳಕೆಯ ಲೋಹ ಶೇಕಡಾ ಎಷ್ಟು?"
ಧಣಿ ಕೆಮ್ಮಿದರು. ಇಷ್ಟು ವರ್ಷ ಮುಚ್ಚಿಟ್ಟದ್ದು ಇದನ್ನೇ,
ಗುಜರಿ ಎಂದರೆ ಆರ್ಡರು ಎದ್ದು ಹೋಗುತ್ತಿತ್ತು;
ಈಗ ಅದೇ ಮಾತಿಗೆ ಕುರ್ಚಿ, ಫಿಲ್ಟರ್ ಕಾಫಿ.
"ಮೂಲ?" ಎಂದಿತ್ತು ಮುಂದಿನ ಕಾಲಂ.
"ಬರಕೊಳ್ಳಿ ಮೇಡಂ," ಬಿಬಿಜಾನ್ ನಕ್ಕಳು, "ಬೆಂಗಳೂರು."
ಆ ಹುಡುಗಿ ನಿಜಕ್ಕೂ ಬರೆದುಕೊಂಡಳು.

ಹತ್ತನೇ ದಿನ ಕುಲುಮೆಗೆ ಮೂರು ಕಿಲೋ ಕಡಿಮೆ ಬಿತ್ತು.
ಮುನಿವೆಂಕಟಪ್ಪ ಡಬರಿಯನ್ನು ನಲ್ಲಿಯಡಿ ತೊಳೆದ,
ಒರೆಸಿದ, ಕುಲುಮೆಯ ಬಾಯಂಚಿಗಿಟ್ಟು ಒಣಗಿಸಿದ.
ಒಂದು ಹನಿ ನೀರಿದ್ದರೂ ಒಳಗೆ ಸಿಡಿಯುತ್ತದೆ,
ಅದಕ್ಕೇ ಅಷ್ಟು ಒರೆಸಿದ್ದು, ಬೇರೇನಿಲ್ಲ ಎಂದ.
ಹಾಕಿದ.
ಹೆಸರು ಅಕ್ಷರ ಅಕ್ಷರವಾಗಿ ಹೋಗುವುದಿಲ್ಲ;
ಕಂಠ ಕುಸಿದಾಗ ಊರಿನ ಸಮೇತ ಹೋಗುತ್ತದೆ.
ಮೇಲೆ ಕಟ್ಟಿದ ಬೂದುಗಿಟ್ಟವನ್ನು
ಹಾಲಿನ ಕೆನೆ ಸರಿಸುವವನಂತೆ ಸೌಟಿನಲ್ಲಿ ಸರಿಸಿದ.

ನನ್ನ ಕೆಲಸ ಆಮೇಲಿನದು.
ರೂಪಾಯಿಯಗಲದ ಬಿಲ್ಲೆ, ಒಂದು ಕಿಡಿ,
ಪರದೆಯ ಮೇಲೆ ಅಂಕಿ:
ಸಿಲಿಕಾನ್ ಒಂಬತ್ತೂವರೆ. ತಾಮ್ರ ಮೂರು.
ಕಬ್ಬಿಣ ಒಂದರೊಳಗೇ, ಬಿಬಿಜಾನ್ ಗೆದ್ದಳು.
ಸತು ಇದ್ದೂ ಇಲ್ಲದಷ್ಟು.
ಕೊನೆಯ ಸಾಲಿಗೆ ಅಂಕಿ ಹಾಕುವ ವಾಡಿಕೆಯಿಲ್ಲ,
ಉಳಿದದ್ದೆಲ್ಲ ಅದೇ ಆದ್ದರಿಂದ ಒಂದೇ ಪದ,
ಅಲ್ಯುಮಿನಿಯಂ: ಬಾಕಿ.

ಸಹಿಗೆ ಬಂದವನು ಕನ್ನಡಕ ಇಳಿಸಿ ಓದಿದ.
"ಎಷ್ಟು ಬಾಕಿ?"
ಎಂಬತ್ತಾರು ಚಿಲ್ಲರೆ, ಎಂದೆ.
"ನಲವತ್ತೊಂದಿತ್ತು," ಅಂದ.
"ಬಡ್ಡಿ ಸೇರಿ ಸರಿಯಾಗಿದೆ."
ಅಚ್ಚು ಬಿಡಿಸಲು ಹೋದ.