ಹಾಲಿನ ದರ

ಗುತ್ತಲು ರಸ್ತೆ, ಬಣ್ಣದಂಗಡಿಯ ಮೇಲಿನ ಮಹಡಿ.
ಎಂಟೂವರೆಗೆ ನಾನು ಹೇಮಾವತಿ.
ಬೆನ್ನು ನೆಟ್ಟಗೆ, ಕಣ್ಣು ಓಡುವ ಅಕ್ಷರಗಳ ಮೇಲೆ,
ಹಾಲಿನ ದರ, ಹೆದ್ದಾರಿ, ಹಾಜರಾತಿ, ಹಂಗಾಮು,
ಒಂದೊಂದು ಹಕಾರಕ್ಕೂ ಎದೆಯಿಂದ ಗಾಳಿ ತೆಗೆದುಕೊಟ್ಟು.

ಎರಡು ವರ್ಷ ಹಿಡಿಯಿತು ಅದಕ್ಕೆ.
ಮೈಸೂರಿನಲ್ಲಿ, ರೇಡಿಯೋದಿಂದ ನಿವೃತ್ತರಾದ ಮೇಡಂ
ಬಾಯೆದುರು ಕನ್ನಡಿ ಹಿಡಿದು ಹೇಳಿಸುತ್ತಿದ್ದರು:
ಹ ಅಂದರೆ ಗಾಜು ಮಬ್ಬಾಗಬೇಕು. ಆಗಲಿಲ್ಲವೋ, ಮತ್ತೆ.
ಹನಕೆರೆಯ ಹುಡುಗಿ ನಾನು, ನನ್ನೂರ ಹೆಸರನ್ನು
ನನ್ನೂರಲ್ಲಿ ಯಾರೂ ಹೇಳದ ಹಾಗೆ ಹೇಳಲು ಕಲಿತೆ.

ಒಂಬತ್ತೂ ನಲವತ್ತಕ್ಕೆ ಫೋನಿನ ಲೈವ್.
ಸೆರಗಿನ ಪಿನ್ನು ಬಿಚ್ಚಿ, ಕುರ್ಚಿಯ ಮೇಲೇ ಕಾಲು ಮಡಚಿ,
ಡಬ್ಬಿಯ ಮುದ್ದೆ ಉಪ್ಸಾರು ಮುಂದಿಟ್ಟು,
"ಎಲ್ರುದೂ ಊಟ ಆಯ್ತಾ?"
ಮೊದಮೊದಲು ಹದಿನೇಳು ಜನ, ಅದರಲ್ಲಿ ಮೂವರು ನೆಂಟರು.
ಹೆಸರುಗಳು ಇಂಗ್ಲಿಷ್ ಅಕ್ಷರ ತೊಟ್ಟು ಬರುತ್ತಿದ್ದವು.
ಕಲಮ್ಮನೋ ಕಾಲಮ್ಮನೋ ಕಾಳಮ್ಮನೋ,
ಊಹಿಸಿ ಕೂಗಬೇಕು.

ಒಂದು ರಾತ್ರಿ, ತುತ್ತು ಇನ್ನೂ ಗಂಟಲಲ್ಲಿ,
ಬಾಯಿ ಜಾರಿತು:
"ಆಲಿನ ರೇಟು ಏರ್ಸವ್ರೆ ಕಣ್ರಪ್ಪೋ."
ನಾಲಿಗೆ ಕಚ್ಚಿಕೊಂಡೆ.
ತೆರೆಯ ತುಂಬ ಕೆಂಪು ಹೃದಯಗಳು ಮೇಲೇರಿದವು.
ನಮ್ ಏಮಕ್ಕ. ನಮ್ಮೂರೆಣ್ಣು.
ದುಬೈಯಿಂದ ಒಬ್ಬ, ರಾತ್ರಿ ಪಾಳಿಯವನಂತೆ:
ಅಕ್ಕ, ಇನ್ನೊಂದ್ ಸಲ ಆಲು ಅನ್ನಿ.
ಬೆಳಗಾಗುವಷ್ಟರಲ್ಲಿ ನಲವತ್ತು ಸಾವಿರ ಜನ ನೋಡಿದ್ದರು.

ಯಜಮಾನರು ಸಿಂಗ್ರೇಗೌಡರು ಟೀ ತರಿಸಿದರು, ಬನ್ನಿನ ಸಮೇತ.
"ನ್ಯೂಸಲ್ಲಿ ಹ ಇರ್ಲಿ ಮಗಾ.
ಲೈವಲ್ಲಿ ದಿನಕ್ಕೆ ಎರಡಾದ್ರೂ ಜಾರ್ಲಿ."

ಈಗ ಎಲ್ಲಿ ಜಾರಬೇಕೆಂದು ಬರೆದಿಟ್ಟುಕೊಳ್ಳುತ್ತೇನೆ.
ಚೀಟಿಯಲ್ಲಿ ಅಡಿಗೆರೆ ಎಳೆದು: ಅಪ್ಪಳ. ಒಟ್ಟೆ. ಎಂಡ್ರು.
ಅವ್ವನ ಮಂಡಿನೋವೂ ಚೀಟಿಯಲ್ಲಿದೆ,
ಗುರುವಾರದ ಕೆಳಗೆ.

ಮೊನ್ನೆ ನಸುಕಿಗೆ, ಊರಿನ ಡೇರಿಯ ಮುಂದೆ,
ಕ್ಯಾನು ಇಳಿಸಿ ನನ್ನ ಗಲ್ಲ ಹಿಡಿದಳು ಒಬ್ಬಳು.
"ನಿಮ್ಮವ್ವನ್ ಮಂಡಿ ಎಂಗದೆ? ಮೂಗ್ನತ್ತು ಬದ್ಲಾಯ್ಸ್ದಾ?"
ಅವಳು ಯಾರೆಂದು ತಿಳಿಯದೆ ನಕ್ಕೆ,
ಲೈವಿನಲ್ಲಿ ನಗುವಷ್ಟೇ ಅಗಲ.
"ನಾನು ಕಣವ್ವ, ದಿನಾ ಕಲಮ್ಮ ಅಂತ ಕೂಗ್ತೀಯಲ್ಲ, ಅವ್ಳು."
ಕಾಳಮ್ಮನಾ, ಅಂದೆ.
"ಊಂ. ತಿದ್ದಿಸ್ಬ್ಯಾಡ ಅಂದೆ ಮೊಮ್ಮಗಂಗೆ.
ನೀ ಕೂಗೋದು ಕೇಳಿ ಕೇಳಿ ಅದೇ ಒಗ್ಗೋಗದೆ."

ಕ್ಯೂ ಮುಂದೆ ಸರಿಯಿತು. ಅವಳು ಸರಿಯಲಿಲ್ಲ.
"ಈಗೀಗ ಗಂಟ್ಲು ಸರಿಗಿಲ್ವಾ ಮಗ?
ಆಲು ಅನ್ನೋಕ್ ಮುಂಚೆ ಒಸಿ ನಿಂತ್ಕತೀಯ."

ಉತ್ತರಕ್ಕೆ ಬಾಯಿ ತೆರೆದೆ.
ಚಳಿಯಿತ್ತು.
ಅವಳ ಕ್ಯಾನಿನ ಸ್ಟೀಲು ಮುಚ್ಚಳ ಮಬ್ಬಾಯಿತು,
ನಾನಿನ್ನೂ ಏನೂ ಹೇಳಿರಲಿಲ್ಲ.